ಓದಲು ಬಾರದ ಅಕ್ಷರ

ನಮ್ಮೂರಿನ ಹೆಸರು ಮೂರು ಲಿಪಿಗಳಲ್ಲಿ ಮೂರು ಥರ ಕಾಣುತ್ತದೆ. ಕನ್ನಡದ ಜೂಜುವಾಡಿಯಲ್ಲಿ ಎರಡು ದುಂಡು ಜಕಾರಗಳು ಬಾಲ ಬೀಸಿಕೊಂಡು ಒಂದರ ಹಿಂದೊಂದು ಹೊರಟಿರುತ್ತವೆ. ತಮಿಳಿನ ಹದಿನೆಂಟು ವ್ಯಂಜನಗಳಲ್ಲಿ ಜಕಾರವೇ ಇಲ್ಲ. ಹಾಗಾಗಿ ಗ್ರಂಥ ಲಿಪಿಯಿಂದ ಎರವಲು ತಂದ ಅಕ್ಷರವನ್ನು ಎರಡೆರಡು ಸಲ ಹಾಕಬೇಕು, ಬೋರ್ಡಿನ ಅರ್ಧ ಜಾಗವನ್ನು ಅದೇ ನುಂಗುತ್ತದೆ. ಇಂಗ್ಲಿಷಿನಲ್ಲಿ ಯಾವ ಪುಣ್ಯಾತ್ಮನೋ ಜೆ ಬಿಟ್ಟು ಝಡ್ ಬರೆದಿದ್ದಾನೆ, ಅದೂ ಎರಡು. ಹೆದ್ದಾರಿಯಲ್ಲಿ ಹೋಗುವವರಿಗೆ ನಾವು ಆಫ್ರಿಕಾದ ಯಾವುದೋ ಊರಿನವರು ಅನ್ನಿಸಿದರೆ ತಪ್ಪಿಲ್ಲ.

ಬೆಂಗಳೂರಿನಿಂದ ಬರುವವರು ಅತ್ತಿಬೆಲೆ ದಾಟಿದರೆ ಸಿಗುವುದೇ ನಾವು. ತಮಿಳುನಾಡಿನ ಗಡಿ ಅಂತ ಅಲ್ಲಿ ನೆಲದಲ್ಲಿ ಗೆರೆಯೇನೂ ಇಲ್ಲ. ಅದೇ ರಸ್ತೆ, ಅದೇ ಧೂಳು, ಅದೇ ಲಾರಿ. ಬದಲಾಗುವುದು ಬೋರ್ಡುಗಳ ಮೇಲಿನ ಅಕ್ಷರ ಮಾತ್ರ. ಟೀ ಅಂಗಡಿಯಲ್ಲಿ ಒಬ್ಬ ತೆಲುಗಿನಲ್ಲಿ ಕೇಳುತ್ತಾನೆ, ಇನ್ನೊಬ್ಬ ಕನ್ನಡದಲ್ಲಿ ಕೊಡುತ್ತಾನೆ, ಚಿಲ್ಲರೆಯ ಜಗಳ ತಮಿಳಿನಲ್ಲಿ ನಡೆಯುತ್ತದೆ. ಕಿವಿಗೆ ಇಲ್ಲಿ ಗಡಿಯಿಲ್ಲ, ಇರುವುದು ಕಣ್ಣಿಗೆ. ಮೂರು ಭಾಷೆ ಮಾತಾಡುವವರಿಗೆ ಮೂರೂ ಲಿಪಿ ಬರುತ್ತದೆ ಎಂದೇನಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಾನು ತಮಿಳು ಬೋರ್ಡುಗಳನ್ನು ಎಷ್ಟೋ ವರ್ಷ ಓದಲಿಲ್ಲ, ಬರೀ ನೋಡಿದೆ. ಈಗ ಹಾಗಿಲ್ಲ. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ಕನ್ನಡ, ತೆಲುಗು ಮಾಧ್ಯಮದ ಮಕ್ಕಳೂ ಒಂದನೇ ತರಗತಿಯಿಂದ ತಮಿಳು ತಿದ್ದಬೇಕು. ಅದರ ಸರಿತಪ್ಪಿನ ಚರ್ಚೆ ಬೇರೆ. ಆ ಮಕ್ಕಳು ಸ್ಲೇಟಿನ ಮೇಲೆ ಹೊಸ ಅಕ್ಷರವೊಂದನ್ನು ಮೊದಲ ಸಲ ತಿದ್ದುವಾಗ ಪಕ್ಕದಲ್ಲಿ ಕೂತು ನೋಡಿ. ಅವು ಆಗ ಬರೆಯುತ್ತಿರುವುದಿಲ್ಲ, ಚಿತ್ರ ಬಿಡಿಸುತ್ತಿರುತ್ತವೆ. ನಾಲಿಗೆ ಹೊರಗೆ, ತಲೆ ಓರೆ.

ಹೊಸೂರಿನಲ್ಲಿ ಬೋರ್ಡು ಬರೆಯುವವರೊಬ್ಬರಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳ ಕೆಲಸ ನಿಂತೇಹೋಯಿತು. ಈಗ ಲಾರಿಗಳ ಹಿಂದೆ ಮುಂದೆ ಬರೆಯುವುದು, ಕಾರ್ಖಾನೆ ಗೋಡೆಗಳ ಮೇಲೆ ‘ಬೀಡಿ ಸಿಗರೇಟು ಸೇದಬಾರದು’ ಎಂದು ಬರೆಯುವುದು, ಇಷ್ಟೇ. ಒಮ್ಮೆ ಒಂದು ಲಾರಿಯ ನೆತ್ತಿಯ ಮೇಲೆ ಹಿಂದಿಯಲ್ಲಿ ಏನೋ ಬರೆಯುತ್ತಿದ್ದರು. ಸೀಮೆಸುಣ್ಣ ಹಚ್ಚಿದ ದಾರ ಹೊಡೆದು ಗೆರೆ ಮಾಡಿಕೊಂಡು, ಕೈಯಲ್ಲಿದ್ದ ಚೀಟಿ ನೋಡಿ ನೋಡಿ, ಒಂದು ಅಕ್ಷರಕ್ಕೂ ಕೈ ನಡುಗದ ಹಾಗೆ.

“ಹಿಂದೀನೂ ಬರ್ತದಾ ಅಣ್ಣ?” ಅಂದೆ.

“ಓದಕ್ ಬರಲ್ಲ, ಬರೆಯಕ್ ಬರ್ತದೆ” ಅಂದರು.

ಆಮೇಲೆ ಬ್ರಷ್ಷು ಇಳಿಸದೆಯೇ ಇನ್ನೊಂದು ಮಾತು ಸೇರಿಸಿದರು. “ಓದಕ್ ಬಂದ್ರೆ ಕಣ್ಣು ಮುಂದಕ್ ಓಡೋಗ್ತದೆ. ಬರ್ದೇ ಇದ್ರೆ ಒಂದೊಂದ್ ಅಕ್ಸರದ್ ಹತ್ರಾನೂ ನಿಂತ್ಕೊಂಡ್ ನೋಡ್‌ಬೇಕು.”

ಅಮೂರ್ತ ಚಿತ್ರಕಲೆಯ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿದಾಗ ನೆನಪಾದದ್ದು ಮದರಾಸಿನ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಒಂದು ಗಣಿತದ ನೋಟ್‌ಬುಕ್.

ಪಣಿಕ್ಕರ್ ಹುಟ್ಟಿದ್ದು 1911ರಲ್ಲಿ, ಕೊಯಮತ್ತೂರಿನಲ್ಲಿ. ಮನೆಮಾತು ಮಲಯಾಳ. ಹುಡುಗನಾಗಿದ್ದಾಗಲೇ ಕೇರಳದ ಕಾಲುವೆ, ತೆಂಗು, ಗದ್ದೆಗಳನ್ನು ಜಲವರ್ಣದಲ್ಲಿ ಬರೆಯುತ್ತಿದ್ದವರು. ಹೊಟ್ಟೆಪಾಡಿಗೆ ತಂತಿ ಇಲಾಖೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಇಪ್ಪತ್ತೈದರ ವಯಸ್ಸಿನಲ್ಲಿ ಮದರಾಸಿನ ಸರ್ಕಾರಿ ಕಲಾಶಾಲೆ ಸೇರಿದರು. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಶುರುಮಾಡಿದ ಶಾಲೆ ಅದು. ಆಗ ಅಲ್ಲಿ ಪ್ರಾಂಶುಪಾಲರಾಗಿದ್ದವರು ಶಿಲ್ಪಿ ದೇವಿಪ್ರಸಾದ್ ರಾಯ್‌ಚೌಧುರಿ. 1957ರಲ್ಲಿ ಆ ಕುರ್ಚಿಯಲ್ಲಿ ಶಿಷ್ಯ ಪಣಿಕ್ಕರ್ ಬಂದು ಕೂತರು, ಹತ್ತು ವರ್ಷ ಇದ್ದರು.

ಈ ಹತ್ತು ವರ್ಷಗಳಲ್ಲಿ ಅವರನ್ನು ಕಾಡಿದ್ದು ಒಂದು ತಳಮಳ. 1954ರಲ್ಲಿ ಲಂಡನ್, ಪ್ಯಾರಿಸ್ ಎಲ್ಲ ನೋಡಿ ಬಂದಿದ್ದರು. ವ್ಯಾನ್ ಗೋನ ಬಣ್ಣ ಕೈಗೆ ಹತ್ತಿತ್ತು. ಕ್ರಿಸ್ತನನ್ನು ಬರೆದರು, ಬುದ್ಧನನ್ನು ಬರೆದರು, ತೋಟಗಳನ್ನು ಬರೆದರು. ಕೈ ಪಳಗಿತ್ತು, ಹೆಸರೂ ಬಂದಿತ್ತು. ಆದರೆ ಬರೆದದ್ದೆಲ್ಲ ಎಲ್ಲೋ ಯಾರೋ ಆಗಲೇ ಆಡಿ ಮುಗಿಸಿದ ಮಾತಿನ ಹಾಗೆ ಕಾಣುತ್ತಿತ್ತು. ಆ ಕಾಲದ ನಮ್ಮ ಎಷ್ಟೋ ಕಲಾವಿದರಿಗೆ ಹತ್ತಿದ್ದ ಕಾಯಿಲೆಯೇ ಇದು. ಆಧುನಿಕವಾಗಬೇಕು, ಪ್ಯಾರಿಸ್ಸಿನ ನಕಲಾಗಬಾರದು. ಅಜಂತಾ ಕಡೆ ತಿರುಗಿದರೆ ಹಳೆಯದರ ನಕಲಾಗುವ ಭಯ. ಔಷಧಿಗಾಗಿ ಕೆಲವರು ಪುರಾಣಗಳನ್ನು ಕೆದಕಿದರು, ಕೆಲವರು ತಂತ್ರಶಾಸ್ತ್ರ ಓದಿದರು.

ಪಣಿಕ್ಕರಿಗೆ ಸಿಕ್ಕಿದ್ದು ಗಣಿತ ಓದುವ ವಿದ್ಯಾರ್ಥಿಯೊಬ್ಬನ ನೋಟ್‌ಬುಕ್ಕಿನಲ್ಲಿ. 1963ರ ಮಾತು. ಪುಟದ ತುಂಬ ಬೀಜಗಣಿತ. ಅಂಕಿಗಳು, ಇಂಗ್ಲಿಷ್ ಅಕ್ಷರಗಳು, ಸಮಚಿಹ್ನೆ, ಆವರಣ, ನಡುನಡುವೆ ತ್ರಿಕೋನ. ಇಂಥ ನೋಟ್‌ಬುಕ್ ಇಲ್ಲದ ಮನೆ ಯಾವುದು? ಪರೀಕ್ಷೆ ಮುಗಿದ ಮಾರನೆಯ ದಿನ ತೂಕಕ್ಕೆ ಹಾಕುವಂಥದ್ದು. ಆ ಪುಟದ ಲೆಕ್ಕ ಸರಿಯೋ ತಪ್ಪೋ ಎಂದು ಮೇಷ್ಟ್ರು ನೋಡುತ್ತಿದ್ದರು. ಎಷ್ಟು ಅಂಕ ಬಂದಿದೆ ಎಂದು ಅಪ್ಪ ನೋಡುತ್ತಿದ್ದರು. ಪಣಿಕ್ಕರ್ ಕಣ್ಣು ಹಿಡಿದದ್ದು ಹಾಳೆಯ ಮೇಲೆ ಮಸಿ ಕೂತ ಬಗೆಯನ್ನು. ಎಲ್ಲಿ ಒತ್ತಾಗಿದೆ, ಎಲ್ಲಿ ಬಿಡುವಾಗಿದೆ, ಒಂದು ಸಾಲು ಇಳಿದು ಇನ್ನೊಂದಕ್ಕೆ ಹೇಗೆ ಜಾರಿದೆ, ಹೊಡೆದುಹಾಕಿದ ಜಾಗದಲ್ಲಿ ಕಪ್ಪು ಹೇಗೆ ಗಂಟು ಕಟ್ಟಿದೆ. ಚಿತ್ರವೊಂದಕ್ಕೆ ಬೇಕಾದ ಎಲ್ಲವೂ ಅಲ್ಲಿ ಇತ್ತು, ಚಿತ್ರ ಬರೆಯುವ ಉದ್ದೇಶವೊಂದನ್ನು ಬಿಟ್ಟು.

ಅಲ್ಲಿಂದ ಹೊರಟದ್ದು ‘ವರ್ಡ್ಸ್ ಅಂಡ್ ಸಿಂಬಲ್ಸ್’ ಎಂಬ ಸರಣಿ. ‘ಪದಗಳು ಮತ್ತು ಸಂಕೇತಗಳು’ ಅನ್ನೋಣ. ಮೊದಮೊದಲು ನೋಟ್‌ಬುಕ್ಕಿನ ಅಂಕಿಗಳೂ ರೋಮನ್ ಅಕ್ಷರಗಳೂ ಬಂದವು. ಬರುಬರುತ್ತ ಅವು ಹಿಂದೆ ಸರಿದು ತಾಯ್ನುಡಿ ಮಲಯಾಳದ ದುಂಡು ಅಕ್ಷರಗಳು ಮುಂದೆ ಬಂದವು. ಜಾತಕದ ಕುಂಡಲಿಯ ಮನೆಗಳು ಬಂದವು, ಲೆಕ್ಕಪುಸ್ತಕದ ಕಂಬಸಾಲುಗಳು ಬಂದವು. ಈ ಚಿತ್ರಗಳನ್ನು ನೋಡಿದರೆ ಯಾರದೋ ಹಳೆಯ ದಸ್ತಾವೇಜು ಗೋಡೆಗೆ ಅಂಟಿಸಿದ್ದಾರೆ ಅನ್ನಿಸುತ್ತದೆ. ಹತ್ತಿರ ಹೋಗಿ ಓದಲು ನೋಡುತ್ತೀರಿ. ಒಂದು ಅಕ್ಷರವೂ ಕೈಗೆ ಸಿಗುವುದಿಲ್ಲ. ಅಕ್ಷರದ ಚಹರೆ ಇದೆ, ಅರ್ಥ ಇಲ್ಲ. ಪೂರ್ತಿ ಅಮೂರ್ತವೆಂದು ಹೇಳಲೂ ಬರುವುದಿಲ್ಲ, ಯಾಕೆಂದರೆ ಸಾಲುಗಳ ನಡುವೆ ಒಂದು ಮೀನೋ ಹಕ್ಕಿಯೋ ಇಣುಕುತ್ತದೆ. ಮಲಯಾಳ ಬಲ್ಲವರಿಗೆ ಇದು ಹೆಚ್ಚು ಪೀಡೆ. ಇನ್ನೇನು ಓದಿಬಿಟ್ಟೆ ಅನ್ನುವಷ್ಟರಲ್ಲಿ ಜಾರಿಹೋಗುತ್ತದೆ. ನಮ್ಮಂಥ ಗಡಿಯವರಿಗೆ ಆ ಪೀಡೆ ಇಲ್ಲ. ಓದಲು ಬಾರದ ಬೋರ್ಡುಗಳ ನಡುವೆಯೇ ಬೆಳೆದವರು ನಾವು, ಅವು ಅಂದಕ್ಕೆ ಇವೆ ಎಂದು ಎಂದೋ ಒಪ್ಪಿಕೊಂಡುಬಿಟ್ಟಿದ್ದೇವೆ.

ಈ ಶೋಧಕ್ಕೆ ಒಬ್ಬ ಹಿರಿಯಣ್ಣ ಇದ್ದಾನೆ, ರಷ್ಯದವನು. 1896ರಲ್ಲಿ ಮಾಸ್ಕೋದಲ್ಲಿ ಫ್ರೆಂಚ್ ಚಿತ್ರಗಳ ಪ್ರದರ್ಶನ ನಡೆಯಿತು. ವಾಸಿಲಿ ಕಾಂಡಿನ್ಸ್ಕಿ ಆಗ ಕಾನೂನು ಓದಿಕೊಂಡು ಪಾಠ ಹೇಳುತ್ತಿದ್ದವನು, ವಯಸ್ಸು ಮೂವತ್ತರ ಹತ್ತಿರ. ಕ್ಲೋದ್ ಮೊನೆಯ ಒಂದು ಚಿತ್ರದ ಮುಂದೆ ನಿಂತ. ಬಣ್ಣವೇನೋ ಕಾಣುತ್ತಿದೆ, ಏನು ಬರೆದಿದ್ದಾನೆ ಗೊತ್ತಾಗುತ್ತಿಲ್ಲ. ಕ್ಯಾಟಲಾಗು ತೆರೆದು ನೋಡಿದರೆ, ಹುಲ್ಲಿನ ಮೆದೆ! ಗುರುತು ಹಿಡಿಯಲಾಗಲಿಲ್ಲವಲ್ಲ ಎಂದು ಮೊದಲು ಕಸಿವಿಸಿಯಾಯಿತು. ಆದರೆ ಆ ಚಿತ್ರ ತಲೆಯಿಂದ ಇಳಿಯಲೇ ಇಲ್ಲ. ನಮ್ಮ ಕಡೆಯ ರಾಗಿ ರೈತನನ್ನು ಅದೇ ಜಾಗದಲ್ಲಿ ನಿಲ್ಲಿಸಿದ್ದರೆ ಮೆದೆ ಎಂದು ಕೂಡಲೇ ಗುರುತು ಹಿಡಿದು, ಒಟ್ಟಿದ್ದು ಸರಿಯಿಲ್ಲ, ಮಳೆನೀರು ಒಳಗಿಳಿಯುತ್ತದೆ ಎಂದು ಹೇಳಿ ಮುಂದೆ ಹೋಗುತ್ತಿದ್ದ. ಚಿತ್ರಕಲೆಯ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತು.

ಅದೇ ವರ್ಷ ಕಾನೂನು ಬಿಟ್ಟು, ಬಂದಿದ್ದ ಪ್ರಾಧ್ಯಾಪಕ ಹುದ್ದೆಯನ್ನೂ ಬೇಡವೆಂದು, ಕಾಂಡಿನ್ಸ್ಕಿ ಚಿತ್ರ ಕಲಿಯಲು ಮ್ಯೂನಿಕ್ಕಿಗೆ ಹೋದ. ಅಲ್ಲಿ ಎಷ್ಟೋ ವರ್ಷಗಳ ಮೇಲೆ, ಒಂದು ಮುಸ್ಸಂಜೆ ಹೊರಗೆ ಚಿತ್ರ ಬರೆದು ಮನೆಗೆ ಬಂದಾಗ ಗೋಡೆಗೆ ಒರಗಿದ್ದ ಚಿತ್ರವೊಂದು ಕಣ್ಣಿಗೆ ಬಿತ್ತು. ಬರೀ ಆಕಾರ, ಬರೀ ಬಣ್ಣ, ಒಳಗಿಂದ ಬೆಳಗುತ್ತಿರುವ ಹಾಗೆ. ಯಾರದಪ್ಪಾ ಇದು ಎಂದು ಹತ್ತಿರ ಹೋದರೆ ಅವನದೇ ಚಿತ್ರ, ಅಡ್ಡಡ್ಡ ಮಲಗಿಸಿಟ್ಟದ್ದು. ಮಾರನೆಯ ದಿನ ಬೆಳಕಿನಲ್ಲಿ ಅದೇ ಅನುಭವಕ್ಕಾಗಿ ಪರದಾಡಿದ. ಅಡ್ಡ ಇಟ್ಟರೂ ಅದರೊಳಗಿನ ವಸ್ತುಗಳು ಗುರುತು ಸಿಕ್ಕಿಬಿಡುತ್ತಿದ್ದವು. ತನ್ನ ಚಿತ್ರಗಳನ್ನು ಕೆಡಿಸುತ್ತಿರುವುದು ಈ ವಸ್ತುಗಳೇ ಎಂದು ಆಗ ಹೊಳೆಯಿತು ಎಂದು 1913ರಲ್ಲಿ ಪ್ರಕಟವಾದ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಅಮೂರ್ತ ಚಿತ್ರವನ್ನು ಮೊದಲು ಬರೆದವನು ಇವನೇ ಎಂದು ಬಹಳ ಕಾಲ ಪಾಠ ಹೇಳಿದರು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಎಂಬಾಕೆ 1906ರಲ್ಲೇ ಬರೆದಿದ್ದಳು ಎಂದು ಆಮೇಲೆ ಗೊತ್ತಾಯಿತು. ಮೊದಲು ಯಾರು ಎಂಬ ಜಗಳ ನನಗೆ ರುಚಿಸುವುದಿಲ್ಲ. ಕತ್ತಲಾಗುತ್ತಿದ್ದ ಕೋಣೆ, ಯಾರೋ ಅಡ್ಡ ಇಟ್ಟುಹೋದ ಹಲಗೆ, ಅರ್ಥವಾಗದ ಮೆದೆ, ತೂಕಕ್ಕೆ ಹಾಕುವ ನೋಟ್‌ಬುಕ್. ನನ್ನ ಕಣ್ಣು ನಿಲ್ಲುವುದು ಇವುಗಳ ಮೇಲೆ. ಎಲ್ಲದರಲ್ಲೂ ವಸ್ತು ಒಂದು ಗಳಿಗೆ ತನ್ನ ಹೆಸರು ಕಳಚಿಟ್ಟು ನಿಂತಿದೆ, ಆ ಗಳಿಗೆಯಲ್ಲಿ ಅಲ್ಲಿ ಒಬ್ಬ ಚಿತ್ರಗಾರ ಇದ್ದಾನೆ.

ಮದರಾಸಿಗೆ ವಾಪಸ್ಸು ಬರುತ್ತೇನೆ. ಪಣಿಕ್ಕರ್ ಶಿಷ್ಯರಲ್ಲಿ ನಮ್ಮವರೂ ಒಬ್ಬರಿದ್ದರು, ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶಕರೆಂದು ಕನ್ನಡಿಗರಿಗೆ ಗೊತ್ತು. 1960ರಲ್ಲಿ ಮದರಾಸಿನ ಶಾಲೆ ಸೇರಿದವರು, ಗುರು ನೋಟ್‌ಬುಕ್ಕಿನಿಂದ ಎದ್ದು ಬಂದ ಕಾಲವನ್ನು ಅಲ್ಲಿದ್ದೇ ಕಂಡವರು. ಓದು ಮುಗಿಸಿದ ಹುಡುಗರಿಗೆ ಚಿತ್ರ ಮಾರಿ ಬದುಕುವ ದಾರಿ ಆಗ ಇರಲಿಲ್ಲ. ಜಾಹೀರಾತು ಕಂಪನಿಗೋ ಬಟ್ಟೆ ಗಿರಣಿಗೋ ಸೇರಿದರೆ ಚಿತ್ರ ಅಲ್ಲಿಗೇ ಮುಗಿಯಿತು. ಗುರು ಶಿಷ್ಯರು ಕೂಡಿ ಒಂದು ಉಪಾಯ ಹೂಡಿದರು. ಬಟ್ಟೆಯ ಮೇಲೆ ಬಾಟಿಕ್ ಮಾಡಿ ಮಾರುವುದು, ಆ ದುಡ್ಡಿನಲ್ಲಿ ಬದುಕುವುದು, ಉಳಿದ ಹೊತ್ತಿನಲ್ಲಿ ತಮ್ಮ ಚಿತ್ರ ಬರೆಯುವುದು. ಹೀಗೆ ಕೂಡಿಬಿದ್ದ ಹಣದಲ್ಲಿ ಮದರಾಸಿನ ದಕ್ಷಿಣಕ್ಕೆ, ಕಡಲ ಹತ್ತಿರ, ಇಂಜಂಬಾಕ್ಕಂನಲ್ಲಿ ಸುಮಾರು ಹತ್ತು ಎಕರೆ ಮರಳುನೆಲ ಕೊಂಡರು. 1966ರಲ್ಲಿ ಅದು ಚೋಳಮಂಡಲ ಕಲಾವಿದರ ಗ್ರಾಮವಾಯಿತು. ವಾಸುದೇವ್ ಅದರ ಸ್ಥಾಪಕರಲ್ಲೊಬ್ಬರು.

ಬಾಟಿಕ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಬಟ್ಟೆಗೆ ಬಿಸಿ ಮೇಣ ಬಳಿದು ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಮೇಣ ಕೂತಲ್ಲಿ ಬಣ್ಣ ಹತ್ತುವುದಿಲ್ಲ. ಆದರೆ ಒಣಗಿದ ಮೇಣ ಮಡಿಕೆಯಲ್ಲಿ ಒಡೆಯುತ್ತದೆ, ಒಡೆದ ಸೀಳಿನಲ್ಲಿ ಬಣ್ಣ ನುಗ್ಗಿ ಕೂದಲೆಳೆಯಂಥ ಗೆರೆಗಳು ಏಳುತ್ತವೆ. ಆ ಗೆರೆಗಳನ್ನು ಯಾರೂ ಬರೆದದ್ದಲ್ಲ. ಎಲ್ಲಿ ಏಳುತ್ತವೆ ಎಂದು ಮೊದಲೇ ಹೇಳಲೂ ಆಗದು. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳ ಬಿರಿದ ಹಾಗಿರುತ್ತದೆ. ಹಗಲೆಲ್ಲ ಹೊಟ್ಟೆಪಾಡಿಗಾಗಿ ಇಂಥ ಗೆರೆಗಳನ್ನು ನೋಡಿದ ಕೈಗಳು ರಾತ್ರಿ ಕ್ಯಾನ್ವಾಸಿನ ಮುಂದೆ ಬಂದಾಗ ಅದನ್ನೆಲ್ಲ ಬಾಗಿಲಾಚೆ ಬಿಟ್ಟು ಬಂದಿದ್ದಾವು ಎಂದು ನಾನು ನಂಬುವುದಿಲ್ಲ.

ಅದೇ ಮದರಾಸಿನ ತಾಂಬರಂನಲ್ಲಿ, ಪಣಿಕ್ಕರ್ ಗಣಿತದಲ್ಲಿ ಚಿತ್ರ ಕಂಡ ಹತ್ತು ಹನ್ನೊಂದು ವರ್ಷಗಳಿಗೆ, ಚಿತ್ರದಲ್ಲಿ ಗಣಿತ ಕಂಡವರೂ ಇದ್ದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ರಾಣಿ ಸಿರೋಮನಿ ದಂಪತಿ, ಕಮಲಾ ಕೃತಿವಾಸನ್ ಜೊತೆ ಸೇರಿ, ಮನೆಬಾಗಿಲ ರಂಗೋಲಿಗಳಿಗೆ ವ್ಯಾಕರಣ ಬರೆದರು. 1974ರಲ್ಲಿ ಆ ಲೇಖನ ಅಚ್ಚಾಯಿತು. ಚಿಕ್ಕ ರಂಗೋಲಿಯಿಂದ ದೊಡ್ಡದು ಯಾವ ನಿಯಮದಲ್ಲಿ ಬೆಳೆಯುತ್ತದೆ ಎಂಬುದನ್ನು ಕಂಪ್ಯೂಟರ್ ಭಾಷೆಗಳ ಸಿದ್ಧಾಂತದಲ್ಲಿ ಇಟ್ಟು ನೋಡಿದರು. ಇದೇ ಗಿಫ್ಟ್ ಸಿರೋಮನಿ ಸಿಂಧೂ ಲಿಪಿಯ ಮೇಲೂ ಕೆಲಸ ಮಾಡಿದವರು. ಒಂದು ಕಡೆ ಓದಬೇಕಾಗಿಲ್ಲದ ಗೆರೆ, ಇನ್ನೊಂದು ಕಡೆ ಯಾರಿಗೂ ಓದಲಾಗದ ಗೆರೆ. ಅವರ ಮೇಜಿನ ಮೇಲೆ ಎರಡೂ ಪಕ್ಕಪಕ್ಕ ಇದ್ದಿರಬೇಕು.

ಜೂಜುವಾಡಿಯ ಬೆಳಗ್ಗೆಗಳಲ್ಲಿ ಈ ರಂಗೋಲಿಗೂ ಎರಡು ಲಿಪಿ. ತಮಿಳರ ಮನೆ ಮುಂದೆ ಚುಕ್ಕಿಗಳನ್ನು ಬಳಸಿಕೊಂಡು ಹೋಗುವ ಸಿಕ್ಕು ಕೋಲ, ಎತ್ತದ ಗೆರೆ, ಹೊರಟಲ್ಲಿಗೇ ಬಂದು ಸೇರುತ್ತದೆ. ಕನ್ನಡದವರ ಮನೆ ಮುಂದೆ ಹೆಚ್ಚಾಗಿ ಚುಕ್ಕಿಯಿಂದ ಚುಕ್ಕಿಗೆ ಎಳೆದ ನಕ್ಷತ್ರ, ಕಮಲ. ಗೋಡೆ ಒಂದೇ ಆದ ಮನೆಗಳಲ್ಲಿ ಹೆಂಗಸರು ಪರಸ್ಪರ ಕಲಿತು ಎರಡನ್ನೂ ಬೆರೆಸಿಬಿಟ್ಟಿದ್ದಾರೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಮೊದಲ ಪಾಳಿಯ ಬಸ್ಸುಗಳು ಹೋಗುವಷ್ಟರಲ್ಲಿ ಅರ್ಧ ಅಳಿಸಿರುತ್ತದೆ. ಟಯರು ಎಳೆದುಕೊಂಡುಹೋದ ಬಿಳಿ ಗೆರೆ ಒಂದು ಮಾರು ದೂರ ಡಾಂಬರಿನ ಮೇಲೆ ಉಳಿದಿರುತ್ತದೆ. ಯಾವುದು ಹೆಚ್ಚು ಚೆನ್ನ ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಹಾಕಿದಾಕೆಯ ಮುಂದೆ ಈ ಮಾತು ಆಡುವ ಧೈರ್ಯವೂ ಇಲ್ಲ.

ಚುಕ್ಕಿ ಎಂದಾಗ ಚಿತ್ರಗಾರ ಸೈಯದ್ ಹೈದರ್ ರಜಾ ನೆನಪಾಗದೆ ಇರುವುದಿಲ್ಲ. ಮಧ್ಯಪ್ರದೇಶದ ಕಾಡಂಚಿನ ಹಳ್ಳಿಯಲ್ಲಿ, ಪಾಠದಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ನೋಡ್ತಾ ಕೂತ್ಕೋ ಅಂದಿದ್ದರು. ಪ್ಯಾರಿಸ್ಸಿನಲ್ಲಿ ನೆಲೆಸಿ, ಐವತ್ತು ದಾಟಿದ ಮೇಲೆ, ಆ ಚುಕ್ಕಿ ‘ಬಿಂದು’ವಾಗಿ ವಾಪಸ್ಸು ಬಂತು. ಮೇಷ್ಟ್ರು ಕೊಟ್ಟದ್ದು ಶಿಕ್ಷೆಯೋ ಉಪದೇಶವೋ ಅನ್ನುವುದು ಆ ಹುಡುಗನಿಗೇ ಗೊತ್ತು.

ಹೊಸೂರಿನ ಸುತ್ತ ಹೊಲಗಳಲ್ಲಿ, ಕೆರೆ ಏರಿಗಳಲ್ಲಿ ವೀರಗಲ್ಲುಗಳಿವೆ. ಕೆಲವದರಲ್ಲಿ ಹಳಗನ್ನಡ, ಕೆಲವದರಲ್ಲಿ ಹಳೆಯ ತಮಿಳು. ಯಾರು ಯಾವ ದನ ಬಿಡಿಸಲು ಹೋಗಿ ಸತ್ತ ಎಂದು ಬರೆದಿರುತ್ತದೆ. ಊರಿನವರಿಗೆ ಆ ಅಕ್ಷರ ಓದಲು ಬರುವುದಿಲ್ಲ. ಓದಲು ಬಾರದ್ದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಣ್ಣೆ ಎರೆದು ದೇವರು ಮಾಡಿಕೊಂಡಿದ್ದಾರೆ. ಶಾಸನ ಓದುವ ಪಂಡಿತರು ಬಂದಾಗ ಮೊದಲು ಎಣ್ಣೆಜಿಡ್ಡು ತೊಳೆಯುತ್ತಾರೆ. ಅವರ ಕೆಲಸ ಅವರು ಮಾಡಬೇಕು, ಸರಿ. ಆದರೆ ತೊಳೆಯುವ ಮುಂಚೆ, ಎಣ್ಣೆ ಕಪ್ಪಿನ ಮೇಲೆ ಕುಂಕುಮ ಕೂತು, ಅದರ ಕೆಳಗೆ ಅಕ್ಷರಗಳು ಉಬ್ಬುತಗ್ಗಾಗಿ ಮಾತ್ರ ಉಳಿದಿರುವ ಆ ಕಲ್ಲನ್ನು ಒಂದು ಸಲ ಪಣಿಕ್ಕರ್ ನೋಡಬೇಕಿತ್ತು ಅನ್ನಿಸುತ್ತದೆ. ಅವರು 1977ರಲ್ಲೇ ತೀರಿಕೊಂಡರು.

ಬೋರ್ಡು ಬರೆಯುವ ಅಣ್ಣನ ಶೆಡ್ಡಿಗೆ ಒಂದು ತಗಡಿನ ಬಾಗಿಲಿದೆ. ಬ್ರಷ್ಷಿನಲ್ಲಿ ಉಳಿದ ಎನಾಮೆಲ್ ಬಣ್ಣವನ್ನು ಟಿನ್ನರಿಗೆ ಹಾಕುವ ಮುಂಚೆ ಅವರು ಆ ಬಾಗಿಲಿಗೇ ಒರೆಸುವುದು. ಇಪ್ಪತ್ತು ವರ್ಷದಿಂದ ಒರೆಸಿದ್ದಾರೆ. ಲಾರಿಯ ಕೆಂಪು, ಟ್ರ್ಯಾಕ್ಟರಿನ ನೀಲಿ, ಶಾಲೆ ಗೋಡೆಯ ಹಳದಿ, ಒಂದರ ಮೇಲೊಂದು ಬಿದ್ದು ಬೆರಳು ದಪ್ಪ ಏರಿದೆ. ಕೈ ಎಟುಕುವ ಎತ್ತರದಲ್ಲಿ ದಟ್ಟ, ಮೇಲೆ ಹೋದ ಹಾಗೆ ವಿರಳ, ಚಿಲಕದ ಸುತ್ತ ಮಾತ್ರ ಬರಿಯ ತಗಡು. ಕಳೆದ ವರ್ಷ ನಾಚಿಕೆ ಬಿಟ್ಟು ಕೇಳಿದೆ, ಹೊಸ ಬಾಗಿಲು ಹಾಕಿಸಿಕೊಡ್ತೀನಿ, ಇದನ್ನ ನನಗೆ ಕೊಡಿ ಅಂತ. ಅವರು ಬಾಗಿಲನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು.

“ಇದ್ರಲ್ ಏನೈತೆ ಸಾರ್?”

ಏನೆಂದು ಹೇಳಲಿ? ನೋಟ್‌ಬುಕ್ಕಿನ ಕತೆ ಹೇಳಿದೆ, ಮೆದೆಯ ಕತೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಯೋಚನೆ ಮಾಡಿ ಹೇಳ್ತೀನಿ ಅಂದರು.

ಮುಂದಿನ ವಾರ ಹೋದಾಗ ಬಾಗಿಲು ಅಲ್ಲೇ ಇತ್ತು. ಬಣ್ಣದ ರಾಶಿಯ ನಟ್ಟನಡುವೆ ಒಂದು ಚೌಕ ಬಿಳಿ ಬಳಿದು, ಕನ್ನಡ, ತಮಿಳು, ಹಿಂದಿ ಮೂರರಲ್ಲೂ ಅಂದವಾಗಿ ಬರೆದಿದ್ದರು: ಬಾಗಿಲು ಮಾರಾಟಕ್ಕಿಲ್ಲ.